ಹೊರ ಊರಿನಿಂದ ಬಂದ ಅಭಿಮಾನಿಯೂ ಅತಿಥಿಯೇ

ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಕೆಲವು ದಿನಗಳ ಹಿಂದೆ ಹಿರಿಯರೊಬ್ಬರು, ಫುಟ್‌ಬಾಲ್ ತಂಡದ ಬೆನ್ನು ಹತ್ತಿ ಊರೂರು ತಿರುಗುವ ಯುವಕರು ಹಣವನ್ನೂ ಹೊತ್ತನ್ನೂ ಹಾಳು ಮಾಡಿಕೊಳ್ಳುತ್ತಿದ್ದಾರೆ, ಮನೆಯಲ್ಲೇ ಕುಳಿತು ಟಿ.ವಿ.ಯಲ್ಲಿ ನೋಡಬಹುದಾದ ಆಟಕ್ಕೆ ಸಾವಿರ ಕಿಲೋಮೀಟರ್ ಹೋಗುವ ಅಗತ್ಯವೇನಿದೆ ಎಂದು ಕೇಳಿದ್ದರು. ಅವರ ಕಳಕಳಿಯ ಬಗ್ಗೆ ನನಗೆ ಗೌರವವಿದೆ. ಆದರೆ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬೆಂಗಳೂರು ಎಫ್‌ಸಿ ತಂಡದ ಹಿಂದೆ ಗೋವಾ, ಮುಂಬೈ, ಚೆನ್ನೈ, ಕೊಚ್ಚಿಗಳಿಗೆ ಹೋಗಿಬಂದಿರುವ, ನಿವೃತ್ತಿಯ ಅಂಚಿನಲ್ಲಿರುವ ಬ್ಯಾಂಕ್ ನೌಕರನಾದ ನನಗೆ ಆ ಪ್ರಶ್ನೆಗೆ ಉತ್ತರ ಹೇಳಬೇಕೆನ್ನಿಸಿತು. ಹಾಗೆ ಹೊರಟವರನ್ನು ನಮ್ಮ ಕ್ರೀಡಾಂಗಣಗಳು ನಡೆಸಿಕೊಳ್ಳುವ ರೀತಿಯ ಬಗ್ಗೆಯೂ ನಾಲ್ಕು ಮಾತು ಹೇಳುವುದಿದೆ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಮೊದಲ ದಿನಗಳಲ್ಲಿ ಒಟ್ಟಾದ ಕೆಲವೇ ಮಂದಿ ತಮ್ಮನ್ನು ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಕರೆದುಕೊಂಡರು; ತಂಡ ಕಂಠೀರವ ಕ್ರೀಡಾಂಗಣಕ್ಕೆ ಬಂದ ಮೇಲೂ ಆ ಹೆಸರು ಹಾಗೆಯೇ ಉಳಿಯಿತು. ಮೊದಲ ಋತುವಿನಲ್ಲೇ, 2014ರ ಏಪ್ರಿಲ್ 21ರಂದು, ಮಡಗಾಂವ್‌ನ ಫತೋರ್ಡಾ ಅಂಗಳದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ನಮ್ಮವರು ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ–ಲೀಗ್ ಗೆದ್ದರು. ಅದು ಸೋಮವಾರ. ಗುಡ್ ಫ್ರೈಡೆಯ ರಜೆ ಆಗಲೇ ಕಳೆದಿದ್ದರಿಂದ ನಾನೂ ನನ್ನ ಜೊತೆಗಿದ್ದವರೂ ಮತ್ತೊಂದು ದಿನದ ರಜೆ ಬೇಡಿ ಹೋಗಿದ್ದೆವು. ವರ್ಷವೂ ತುಂಬದ ತಂಡವೊಂದಕ್ಕೆ ಇಷ್ಟೊಂದು ಹಚ್ಚಿಕೊಂಡದ್ದು ಹೇಗೆಂದು ಮನೆಯವರು ಕೇಳಿದಾಗ ಆಗ ನನಗೆ ಸರಿಯಾದ ಉತ್ತರ ಹೊಳೆದಿರಲಿಲ್ಲ.

ಉತ್ತರ ಸಿಕ್ಕಿದ್ದು 2019ರ ಮಾರ್ಚ್‌ನಲ್ಲಿ. ಹಿಂದಿನ ವರ್ಷ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ಪಂದ್ಯವನ್ನು ನಮ್ಮ ತಂಡ ಕಂಠೀರವದಲ್ಲೇ, ನಮ್ಮ ಕಣ್ಣೆದುರೇ, ಚೆನ್ನೈಯಿನ್ ಎಫ್‌ಸಿಗೆ 2–3ರಿಂದ ಸೋತಿತ್ತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ದಿನಾಂಕದಂದು, ಮುಂಬೈನ ಅಂಧೇರಿಯಲ್ಲಿ ಎಫ್‌ಸಿ ಗೋವಾ ವಿರುದ್ಧ ಮತ್ತೊಂದು ಫೈನಲ್ ಬಂತು. ಶುಕ್ರವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ ನಮ್ಮ ಬೋಗಿಯಲ್ಲಿ ಹತ್ತು ಹನ್ನೆರಡು ಮಂದಿ ನೀಲಿ ಅಂಗಿಯವರಿದ್ದರು. ಅವರಲ್ಲೊಬ್ಬ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ; ಮೂರು ತಿಂಗಳಿಂದ ಓವರ್‌ಟೈಮ್ ದುಡಿದು ಕೂಡಿಟ್ಟ ದುಡ್ಡಿನಲ್ಲಿ ಹೊರಟಿದ್ದ. ಅವನಿಗೆ ಸಿಕ್ಕಿದ್ದು ಆರ್‌ಎಸಿ ಟಿಕೆಟ್. ಅರ್ಧ ಸೀಟಿನ ಮೇಲೆ ತನ್ನ ಡೋಲನ್ನಿಟ್ಟು, ಅದಕ್ಕೆ ಪೆಟ್ಟು ಬೀಳಬಾರದೆಂದು ಸುತ್ತಲೂ ಕಂಬಳಿ ಹೊದಿಸಿ, ತಾನು ಇಡೀ ರಾತ್ರಿ ಬಾಗಿಲ ಬಳಿ ಪೇಪರ್ ಹಾಸಿಕೊಂಡು ಕುಳಿತಿದ್ದ. ಬೆಳಿಗ್ಗೆ ಕಲಬುರಗಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ಡೋಲು ನೋಡಿ, “ಯಾರ ಮದಿವಿಗೆ ಹೊಂಟೀರಪಾ?” ಎಂದು ಕೇಳಿದರು. ಮದುವೆಗಲ್ಲ, ನಮ್ಮೂರಿನ ತಂಡದ ಆಟಕ್ಕೆ ಎಂದು ಅವನು ಹೇಳಿದ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಎಲ್ಲರ ಕೈಗೂ ಒಂದೊಂದು ಇಟ್ಟು, ಗೆದ್ದು ಬನ್ನಿ ಎಂದು ಹರಸಿದರು.

ಆ ಪಂದ್ಯದಲ್ಲಿ 90 ನಿಮಿಷ ಕಳೆದರೂ ಗೋಲು ಬರಲಿಲ್ಲ. ಹೆಚ್ಚುವರಿ ಆಟವೂ ಮುಗಿಯುತ್ತ ಬಂದಿತ್ತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಒದ್ದ ಕಾರ್ನರ್‌ಗೆ ನಮ್ಮ ರಾಹುಲ್ ಭೆಕೆ ತಲೆ ಕೊಟ್ಟರು. ಚೆಂಡು ಬಲೆ ಸೇರಿತು. ನಮ್ಮ ಸುತ್ತ ಎಲ್ಲರೂ ಕುಣಿಯುತ್ತಿದ್ದಾಗ ಆ ಹುಡುಗ ಮಾತ್ರ ಡೋಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದ. ಎರಡು ಗಂಟೆಗೂ ಹೆಚ್ಚು ಕಾಲ ಬಿಡದೆ ಬಾರಿಸಿ ಅವನ ಬೆರಳುಗಳ ಚರ್ಮ ಸುಲಿದಿತ್ತು. ಸೋಮವಾರ ಬೆಳಿಗ್ಗೆ ರೈಲು ಹತ್ತಿ, ಮಂಗಳವಾರ ಬೆಂಗಳೂರಿನಲ್ಲಿ ಇಳಿದವನೇ ಅವನು ನೇರವಾಗಿ ಕೆಲಸಕ್ಕೆ ಹೋದ. ಹೊತ್ತು ಹಾಳು ಮಾಡುವವರು ಎಂದು ಆ ಹಿರಿಯರು ಬರೆದಿದ್ದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಬೆರಳುಗಳು.

ಟಿ.ವಿ.ಯಲ್ಲಿ ನೋಡಬಾರದೇ ಎಂಬ ಮಾತಿಗೆ ಕೋವಿಡ್ ಕಾಲವೇ ಉತ್ತರ ಕೊಟ್ಟಿದೆ. 2020–21 ಮತ್ತು 2021–22ರ ಎರಡು ಋತುಗಳಲ್ಲಿ, 2022ರ ಫೈನಲ್ ಒಂದನ್ನು ಬಿಟ್ಟು, ಸೂಪರ್ ಲೀಗ್‌ನ ಪಂದ್ಯಗಳು ಗೋವಾದಲ್ಲಿ ಬಾಗಿಲು ಮುಚ್ಚಿಕೊಂಡು ನಡೆದವು. ಆಟಗಾರರು ಅವರೇ, ಚೆಂಡೂ ಅದೇ. ಆದರೂ ಖಾಲಿ ಗ್ಯಾಲರಿಗಳ ನಡುವೆ ಹೊಡೆದ ಗೋಲು ಮೈದಾನದಲ್ಲೇ ಉಳಿದುಬಿಡುತ್ತಿತ್ತು, ಯಾರ ಎದೆಗೂ ತಾಗುತ್ತಿರಲಿಲ್ಲ. ಶ್ರೀಶೈಲಕ್ಕೆ ಯುಗಾದಿಯ ಹೊತ್ತಿಗೆ ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ನಡೆದುಹೋಗುವ ಭಕ್ತರಿಗೆ ದಾರಿಯುದ್ದಕ್ಕೂ ಊರವರು ರೊಟ್ಟಿ, ಮಜ್ಜಿಗೆ ಕೊಟ್ಟು, ಕಾಲಿಗೆ ಎಣ್ಣೆ ಹಚ್ಚಿ ಕಳಿಸುತ್ತಾರೆ. ಮಲ್ಲಯ್ಯನ ಪಟ ಮನೆಯಲ್ಲೇ ಇರುವಾಗ ಹೋಗುವುದೇಕೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ದೇವರನ್ನೂ ಆಟವನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಹೋಗುವುದರಲ್ಲೇ ಒಂದು ಅರ್ಥವಿದೆ ಎಂಬುದು ನಮ್ಮ ಜನಕ್ಕೆ ಹೊಸದಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಗೆಲುವಿನ ಆಸೆಗೆ ಮಾತ್ರ ಇವರು ಹೋಗುತ್ತಾರೆ ಎನ್ನುವುದೂ ಸರಿಯಲ್ಲ. 2016ರ ನವೆಂಬರ್ 5ರಂದು ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಿದಾಗ ಆ ಹಂತ ತಲುಪಿದ ಭಾರತದ ಮೊದಲ ಕ್ಲಬ್ ನಮ್ಮದಾಗಿತ್ತು. ಇರಾಕಿನ ವಾಯುಪಡೆಯ ತಂಡದ ಎದುರು 0–1ರಿಂದ ಸೋತೆವು. ಕೊಲ್ಲಿ ದೇಶದಲ್ಲಿ ದುಡಿಯುವ ಭಾರತೀಯರು ಅಂದು ಇಲ್ಲಿಂದ ಹೋದವರ ಜೊತೆ ನಿಂತು ಕೂಗಿದರು. 2023ರಲ್ಲಿ ಫತೋರ್ಡಾದಲ್ಲಿ ಆಡಿದ ಸೂಪರ್ ಲೀಗ್ ಫೈನಲ್ ಪೆನಾಲ್ಟಿಯಲ್ಲಿ ಕೈತಪ್ಪಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್‌ಲೇಕ್‌ನಲ್ಲಿ ಅದೇ ಲೀಗ್‌ನ ಫೈನಲ್‌ನಲ್ಲಿ ಮೋಹನ್ ಬಾಗನ್ ಎದುರು ಹೆಚ್ಚುವರಿ ಆಟದಲ್ಲಿ 1–2ರಿಂದ ಸೋತೆವು. ಅಷ್ಟು ದೊಡ್ಡ ಕ್ರೀಡಾಂಗಣದ ಒಂದು ಮೂಲೆಯಲ್ಲಿ ಒಂದು ಹಿಡಿಯಷ್ಟು ನೀಲಿ. ಸೋತ ಆಟಗಾರರಿಗೆ ಪರಊರಿನಲ್ಲಿ ಕಾಣುವ ತಮ್ಮವರು ಎಂದರೆ ಆ ಒಂದು ಹಿಡಿ ಜನರೇ.

ಇದು ನಮ್ಮ ತಂಡದವರಿಗಷ್ಟೇ ಸೇರಿದ ಗುಣವೂ ಅಲ್ಲ. 2015ರ ಮೇ 31ರಂದು ಕಂಠೀರವದಲ್ಲಿ ಐ–ಲೀಗ್‌ನ ಕೊನೆಯ ಪಂದ್ಯ. ಗೆದ್ದರೆ ಪ್ರಶಸ್ತಿ ನಮ್ಮದು, ಡ್ರಾ ಆದರೆ ಮೋಹನ್ ಬಾಗನ್‌ದು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಅವರ ಹೆಡರ್‌ನಿಂದ ಪಂದ್ಯ 1–1 ಆಯಿತು. ಆ ಪ್ರಶಸ್ತಿಗಾಗಿ ಬಾಗನ್ ಬೆಂಬಲಿಗರು 13 ವರ್ಷ ಕಾದಿದ್ದರು. ಪಂದ್ಯ ಮುಗಿದ ಮೇಲೆ, ಹಸಿರು–ಕೆಂಗಂದು ಶಾಲು ಹೊದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಗೇಟಿನ ಹೊರಗೆ ನನ್ನ ಕೈ ಹಿಡಿದುಕೊಂಡು, ನಿಮ್ಮ ತಂಡವೂ ಚೆನ್ನಾಗಿ ಆಡಿತು ಎಂದರು. ಸೋಲಿನ ಉರಿಯಲ್ಲಿದ್ದ ನಾನು ಸರಿಯಾಗಿ ಮಾತಾಡಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. 2017ರಲ್ಲಿ ಐಜ್ವಾಲ್ ಎಫ್‌ಸಿ ಶಿಲ್ಲಾಂಗ್‌ನಲ್ಲಿ ಡ್ರಾ ಮಾಡಿಕೊಂಡು ಐ–ಲೀಗ್ ಗೆದ್ದಾಗ ಮಿಜೋರಾಂನ ಜನ ಬೆಟ್ಟದ ದಾರಿ ಹಿಡಿದು ಅಲ್ಲಿಗೆ ಬಂದಿದ್ದರು. ಕೇರಳ ಬ್ಲಾಸ್ಟರ್ಸ್‌ನ ಮಂಜಪ್ಪಡ ಬಳಗ ಬೆಂಗಳೂರಿಗೆ ಬಂದ ದಿನ ಕಂಠೀರವದ ಒಂದು ಭಾಗವೇ ಹಳದಿಯಾಗುತ್ತದೆ. ಅವರ ತಂಡದ ಮೇಲೆ ನಮಗೆ ಇರುವ ಪೈಪೋಟಿ ಸಣ್ಣದಲ್ಲ. ಆದರೆ ಆ ಹಳದಿ ಇಲ್ಲದ ದಿನ ನಮ್ಮ ನೀಲಿಗೂ ಕಳೆ ಬರುವುದಿಲ್ಲ.

ಅದೇ ಕೇರಳದ ಇಬ್ಬರು ಯುವಕರು 2022ರ ಮಾರ್ಚ್‌ನಲ್ಲಿ ಗೋವಾದ ಫೈನಲ್ ನೋಡಲು ಬೈಕ್ ಹತ್ತಿ ಹೊರಟು, ಕಾಸರಗೋಡು ಜಿಲ್ಲೆಯಲ್ಲಿ ಲಾರಿಗೆ ಸಿಕ್ಕಿ ಪ್ರಾಣ ಬಿಟ್ಟರು. ಆ ಸುದ್ದಿ ಓದಿದ ದಿನದಿಂದ, ಅಭಿಮಾನಿಗಳ ಪ್ರಯಾಣ ಅವರವರ ಪಾಡು ಎಂದು ಕ್ಲಬ್ಬುಗಳೂ ಲೀಗ್ ನಡೆಸುವವರೂ ಕೈತೊಳೆದುಕೊಳ್ಳಬಾರದು ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವ ಅವಧಿ 60 ದಿನ. ಪಂದ್ಯಪಟ್ಟಿ ಋತು ಆರಂಭವಾಗಲು ಕೆಲವೇ ವಾರ ಇರುವಾಗ ಹೊರಬಿದ್ದರೆ, ಅದೂ ಕಂತಿನಲ್ಲಿ ಬಂದರೆ, ಗುವಾಹಟಿಗೋ ಜೆಮ್‌ಶೆಡ್‌ಪುರಕ್ಕೋ ಹೋಗಬೇಕಾದವನಿಗೆ ಉಳಿಯುವುದು ವೇಟಿಂಗ್ ಲಿಸ್ಟ್, ಇಲ್ಲವೇ ಕೈಗೆಟುಕದ ವಿಮಾನ, ಇಲ್ಲವೇ ಬೈಕು. ಪಂದ್ಯಪಟ್ಟಿಯನ್ನು ಎರಡು ತಿಂಗಳ ಮೊದಲೇ ಪ್ರಕಟಿಸಿದರೆ ಅರ್ಧ ಕಷ್ಟ ಅಲ್ಲಿಗೇ ತೀರುತ್ತದೆ.

ಉಳಿದರ್ಧ ಕಷ್ಟ ಗೇಟಿನಲ್ಲಿ. ಕೆಲವು ವರ್ಷಗಳ ಹಿಂದೆ ಹೊರ ರಾಜ್ಯದ ಒಂದು ಕ್ರೀಡಾಂಗಣಕ್ಕೆ ಮಗಳೊಂದಿಗೆ ಹೋಗಿದ್ದೆ. ಹತ್ತು ಗಂಟೆ ಬಸ್ಸಿನಲ್ಲಿ ಕುಳಿತು ಬಂದವರ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡರು. ಭದ್ರತೆಯ ಕಾರಣವಿರಬಹುದು, ಒಪ್ಪುತ್ತೇನೆ. ಆದರೆ ನಮ್ಮನ್ನು ಕೂರಿಸಿದ ಗ್ಯಾಲರಿಯಲ್ಲಿ ಕುಡಿಯುವ ನೀರೇ ಇರಲಿಲ್ಲ. ಡೋಲಿಗೆ ಅನುಮತಿ ಇದೆ ಎಂಬ ಪತ್ರವನ್ನು ತೋರಿಸಿದರೂ ಒಳಬಿಡದೆ ಕಸಿದಿಟ್ಟುಕೊಂಡರು. ವಾಪಸು ಕೊಟ್ಟಾಗ ಅದರ ಚರ್ಮ ಹರಿದಿತ್ತು. ಪಂದ್ಯ ಮುಗಿದ ಮೇಲೆ ಮುಕ್ಕಾಲು ಗಂಟೆ ಗೇಟಿಗೆ ಬೀಗ ಹಾಕಿ ನಿಲ್ಲಿಸಿದರು. ನಮ್ಮ ಭಾಗದ ಮಹಿಳೆಯರ ಶೌಚಾಲಯಕ್ಕೂ ಬೀಗ. ಕೀಲಿ ಯಾರ ಬಳಿ ಇದೆಯೋ ಗೊತ್ತಿಲ್ಲ ಎಂದು ಒಬ್ಬರು ಮತ್ತೊಬ್ಬರತ್ತ ಕೈ ತೋರಿಸುತ್ತಿದ್ದರೇ ಹೊರತು, ಮಗಳೂ ಅವಳ ಜೊತೆಗಿದ್ದ ಇಬ್ಬರು ಕಾಲೇಜು ಹುಡುಗಿಯರೂ ಅಷ್ಟು ಹೊತ್ತು ಪಟ್ಟ ಸಂಕಟ ಯಾರಿಗೂ ಬೇಕಿರಲಿಲ್ಲ.

ಬೇರೆ ದೇಶಗಳಲ್ಲಿ ಇದಕ್ಕೆ ನಿಯಮಗಳಿವೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆತಿಥೇಯ ಕ್ಲಬ್, ಬಂದ ತಂಡದ ಅಭಿಮಾನಿಗಳಿಗೆ 3,000 ಟಿಕೆಟ್ ಅಥವಾ ಅಂಗಳ ಸಣ್ಣದಾದರೆ ಹತ್ತನೇ ಒಂದು ಭಾಗ ಮೀಸಲಿಡಬೇಕು. 2016ರಿಂದ ಆ ಟಿಕೆಟ್‌ಗೆ 30 ಪೌಂಡ್‌ಗಿಂತ ಹೆಚ್ಚು ಪಡೆಯುವಂತಿಲ್ಲ. ಅಭಿಮಾನಿಗಳು ವರ್ಷಗಟ್ಟಲೆ ಹೋರಾಡಿ ಪಡೆದ ಸೌಲಭ್ಯ ಅದು. ಅರ್ಜೆಂಟೀನಾ ಬೇರೆ ದಾರಿ ಹಿಡಿಯಿತು. ಅಲ್ಲಿ 2013ರಲ್ಲಿ ಲಾ ಪ್ಲಾಟಾ ನಗರದಲ್ಲಿ ಲಾನೂಸ್ ತಂಡದ ಅಭಿಮಾನಿಯೊಬ್ಬ ಪೊಲೀಸರ ರಬ್ಬರ್ ಗುಂಡಿಗೆ ಬಲಿಯಾದ ಮೇಲೆ ಹೊರ ಊರಿನ ಪ್ರೇಕ್ಷಕರನ್ನೇ ನಿಷೇಧಿಸಿದರು, ಮತ್ತು ವರ್ಷಗಳವರೆಗೆ ಅಲ್ಲಿನ ಲೀಗ್ ಪಂದ್ಯಗಳಿಗೆ ಒಂದೇ ಬಣ್ಣದ ಗ್ಯಾಲರಿ ಉಳಿಯಿತು. ನಾವು ಆ ದಾರಿ ಹಿಡಿಯಬಾರದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜೀವಗಳು ಹೋದ ಮೇಲೆ ಜನಸಂದಣಿ ಎಂದರೆ ಆಡಳಿತಕ್ಕೆ ಆತಂಕವಾಗುವುದು ಸಹಜ. ಆದರೆ ಎಷ್ಟು ಮಂದಿ, ಯಾವ ಬಸ್ಸಿನಲ್ಲಿ, ಯಾವ ಹೊತ್ತಿಗೆ ಬರುತ್ತಾರೆ ಎಂದು ವಾರದ ಮೊದಲೇ ತಿಳಿಸುವ ಅಭಿಮಾನಿ ಬಳಗಕ್ಕಿಂತ ಸುಲಭವಾಗಿ ನಿಭಾಯಿಸಬಹುದಾದ ಗುಂಪು ಮತ್ತೊಂದಿಲ್ಲ.

ನಮ್ಮವರಲ್ಲಿ ತಪ್ಪುಗಳಿಲ್ಲವೆಂದಲ್ಲ. ಎದುರಾಳಿ ಆಟಗಾರನ ಮನೆಯವರನ್ನು ಎಳೆದುತಂದು ಬೈಯುವುದು, ಸೋತ ಸಿಟ್ಟಿಗೆ ಕುರ್ಚಿ ಒದೆಯುವುದು ನಡೆದಿದೆ. ನಾನು ಅದನ್ನು ಕಂಡಾಗಲೆಲ್ಲ ತಡೆದಿದ್ದೇನೆ, ಕೆಲವರೊಂದಿಗೆ ಮಾತು ಬಿಟ್ಟದ್ದೂ ಇದೆ. ಹಾಗೆ ಮಾಡಿದವರನ್ನು ಗುರುತಿಸಿ ಟಿಕೆಟ್ ನಿರಾಕರಿಸಲಿ. ಒಬ್ಬನ ತಪ್ಪಿಗೆ ಬಸ್ಸಿನಲ್ಲಿ ಬಂದ ನಲವತ್ತು ಜನರನ್ನೂ ಆರೋಪಿಗಳಂತೆ ಕಾಣುವುದು ಬೇಡ.

ಮುಂದಿನ ಋತುವಿಗೆ ಮೊದಲು ಲೀಗ್ ನಡೆಸುವವರು, ಕ್ಲಬ್ಬುಗಳು ಮತ್ತು ಪೊಲೀಸರು ಅಭಿಮಾನಿ ಬಳಗಗಳ ಪ್ರತಿನಿಧಿಗಳನ್ನು ಕರೆದು ಒಮ್ಮೆ ಕುಳಿತು ಮಾತಾಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ನಮ್ಮ ಊರಿನಿಂದಲೇ ಶುರುವಾದರೆ ಚೆನ್ನ: ಕಂಠೀರವಕ್ಕೆ ಬರುವ ಹೊರ ಊರಿನವರಿಗೆ ಗೊತ್ತುಮಾಡಿದ ಗ್ಯಾಲರಿ, ಅಲ್ಲಿ ಕುಡಿಯುವ ನೀರು, ಒಪ್ಪಿಗೆ ಕೊಟ್ಟ ಡೋಲಿಗೆ ರಸೀದಿ, ಪಂದ್ಯ ಮುಗಿದ ಮೇಲೆ ಬಸ್ಸಿನವರೆಗೆ ಕರೆದೊಯ್ಯುವ ಇಬ್ಬರು ಸ್ವಯಂಸೇವಕರು. ಆ ಕೆಲಸಕ್ಕೆ ಹೆಸರು ಕೊಡಲು ನಾನೂ ನನ್ನ ಮಗಳೂ ಸಿದ್ಧರಿದ್ದೇವೆ. ಮಹಿಳೆಯರ ಶೌಚಾಲಯದ ಕೀಲಿ ತನ್ನ ಕೈಯಲ್ಲೇ ಇರಲಿ ಎಂದು ಅವಳು ಹೇಳಿದ್ದಾಳೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫುಟ್‌ಬಾಲ್ ಅಭಿಮಾನಿ
ಆಸ್ಟಿನ್ ಟೌನ್, ಬೆಂಗಳೂರು