ಪರದೆ ಹಿಂದಿನ ಮಂದಿ ಹೆಸರೂ ಬರೀರಿ

ಸಂಪಾದಕರಿಗೆ ನಮಸ್ಕಾರ್ರೀ,

ಸಿನಿಮಾ ಟಿವಿ ಪುರವಣಿಯೊಳಗ ಯಾವಾಗ ನೋಡಿದ್ರೂ ಹೀರೋ ಹೀರೋಯಿನ್ ಸುದ್ದಿನ ಇರ್ತದ, ಸೆಟ್ ಕಟ್ಟಿದವರು ಯಾರು, ಲೈಟ್ ಹಿಡದವರು ಯಾರು ಅಂತ ಒಂದ ಸಾಲೂ ಬರಂಗಿಲ್ಲ, ಅದಕ್ಕ ಈ ಪತ್ರ. 80ರ ದಶಕದಾಗ ದೂರದರ್ಶನದೊಳಗ ಸ್ಟಾರ್ ಟ್ರೆಕ್ ಬರ್ತಿತ್ತಲ್ರೀ, ಬಾಹ್ಯಾಕಾಶದ ಹಡಗಿನಾಗ ಗ್ರಹ ಗ್ರಹ ತಿರಗೋ ಮಂದಿ ಸೀರಿಯಲ್, ಚೂಪ ಕಿವಿ ಸ್ಪಾಕ್ ಅನ್ನೋ ಪಾತ್ರ ಇದ್ದದ್ದು, ನಮ್ಮ ವಾರಿಗಿಯವರಿಗೆ ನೆನಪಿರ್ತದ. ಅಮೆರಿಕಾದಾಗ ಅದು 1966ರಿಂದ 1969ರ ತನಕ ಬಂದದ್ದು, 79 ಎಪಿಸೋಡು.

ಅದರಾಗ ಮಂದಿ ನಿಂತಲ್ಲೇ ಮಿಣಮಿಣ ಅಂತ ಮಾಯ ಆಗಿ ಬ್ಯಾರೆ ಗ್ರಹದ ಮ್ಯಾಲೆ ಹೋಗಿ ನಿಲ್ತಿದ್ರು. ಆ ಐಡಿಯಾ ಹುಟ್ಟಿದ್ದ ರೊಕ್ಕ ಸಾಲದ್ದಕ್ಕರೀ! ಅಷ್ಟ ದೊಡ್ಡ ಹಡಗ ವಾರಾ ವಾರಾ ನೆಲಕ್ಕಿಳಿಯೂದು ತೋರಸಬೇಕಂದ್ರ ಖರ್ಚು ಭಾಳ, ಅದಕ್ಕ ಸೀರಿಯಲ್ ಹುಟ್ಟಹಾಕಿದ ಜೀನ್ ರಾಡನ್‌ಬೆರಿ ಮತ್ತ ಅವರ ಟೀಮ್‌ನವರು ಹಡಗ ಮ್ಯಾಲೇ ಇರ್ಲಿ, ಮಂದಿನ್ನಷ್ಟ ಕೆಳಗ ಕಳಸೂಣು ಅಂದ್ರು. ಆ ಮಿಣಮಿಣ ಅಂದ್ರ ಅಲ್ಯೂಮಿನಿಯಂ ಪುಡಿ, ಜೋರ್ ಲೈಟ್ ಹಾಕಿ ಉದುರಿಸಿ ಸ್ಲೋ ಮೋಷನ್ನಿನಾಗ ಹಿಡದದ್ದು, ಅಷ್ಟ. ತಾನ ತೆರಿಯೂ ಬಾಗಲಕ್ಕ ಮೋಟರ್ ಇರಲಿಲ್ಲ, ಹಿಂದ ನಿಂತ ಆಳು ಎಳೀತಿದ್ರು. ಒಂದು ಎಪಿಸೋಡಿಗೆ ತಂದ ಹೊಸ ನಮೂನಿ ಉಪ್ಪಿನ ಡಬ್ಬಿ ನೋಡಿದವರಿಗೆ ಉಪ್ಪಿನ ಡಬ್ಬಿ ಅಂತ ಗೊತ್ತ ಆಗೂದಿಲ್ಲ ಅಂತ ಬಾಜೂಕಿಟ್ರು, ಆಮ್ಯಾಲೆ ಆ ಡಬ್ಬಿಗಳ ಹಡಗಿನ ಡಾಕ್ಟರ್ ಮೆಕಾಯ್ ಅನ್ನೋ ಪಾತ್ರದ ಕೈಯಾಗ ಆಪರೇಷನ್ ಸಾಮಾನಾದವು.

ನನಗ ಭಾಳ ಹಿಡಿಸಿದ್ದು ಮ್ಯಾಟ್ ಜೆಫ್ರೀಸ್ ಅನ್ನೋ ಆರ್ಟ್ ಡೈರೆಕ್ಟರ್ ಮಾತು. ಹಡಗಿನ ಡಿಸೈನ್ ಅವರದ. ಎಂಜಿನ್ ಡೇಂಜರ್ ಇರ್ತಾವು, ಮಂದಿಯಿಂದ ದೂರ ಇರಬೇಕು ಅಂತ ಅವನ್ನ ಉದ್ದ ಕಾಲಿನ ಮ್ಯಾಲೆ ಹೊರಗ ಇಟ್ರು. ಹಡಗಿನೊಳಗ ರಿಪೇರಿಗೆ ಹತ್ತಿ ಹೋಗೋ ಸಂದಿಗೆ ಅವರ ಹೆಸರ ಇಟ್ಟಾರ, ಜೆಫ್ರೀಸ್ ಟ್ಯೂಬ್ ಅಂತ. ಶೂಟಿಂಗಿಗೆ ಮಾಡಿದ 11 ಫೂಟಿನ ಮಾಡೆಲ್ ಇವತ್ತು ಅಮೆರಿಕಾದ ಸ್ಮಿತ್ಸೋನಿಯನ್ ವಿಮಾನ ಮ್ಯೂಸಿಯಂನಾಗ ಅದ, ಖರೇ ವಿಮಾನ ಇಡೋ ಜಾಗಾ ಅದು.

ನಮ್ಮ ಕಡೆ ಕಂಪನಿ ನಾಟಕದೊಳಗೂ ಇಂಥಾ ತಲಿ ಓಡಸೋ ಮಂದಿ ಇದ್ರರೀ. ಹುಬ್ಬಳ್ಳಿ, ಗದಗ, ಹಾವೇರಿ ಜಾತ್ರಿಯೊಳಗ ತಗಡಿನ ಥೇಟರ್ ಹಾಕಿ, ಅರಮನಿ ಪರದೆ ಸರಿಸಿ ಕ್ಷಣದಾಗ ಅಡವಿ ತೋರಸ್ತಿದ್ರು, ತಗಡ ಅಲ್ಲಾಡ್ಸಿ ಗುಡುಗು ಮಾಡ್ತಿದ್ರು. ನಾಟಕದ ನಟ ಏಣಗಿ ಬಾಳಪ್ಪನವರ ಹೆಸರು ಎಲ್ಲಾರಿಗೂ ಗೊತ್ತದ, ಗೊತ್ತಿರಲೇಬೇಕು, ಆದ್ರ ಅವರ ಹಿಂದ ಪರದೆ ಬರದವರು, ಹಗ್ಗಾ ಜಗ್ಗಿದವರು ಯಾರು? ಅವರ ಹೆಸರು ಎಲ್ಲಿ ಬರದಾವು?

ಹಳೇ ಕಂಪನಿಯೊಳಗ ದುಡದ ಹಿರೇರು ಇನ್ನೂ ಅದಾರ. ನಿಮ್ಮ ವರದಿಗಾರರನ್ನ ಅವರ ಮನಿಗೆ ಕಳಸ್ರಿ, ಪುರವಣಿಯೊಳಗ ವಾರಕ್ಕೊಬ್ಬರದು ಫೋಟೋ ಸಮೇತ ಹಾಕ್ರಿ, ಯಾವ ಸೀನ್ ಹೆಂಗ ಮಾಡ್ತಿದ್ರು ಅನ್ನೂದು ಅವರ ಮಾತಿನಾಗ ಬರ್ಲಿ.

ನಿಮ್ಮ ಖಾಯಂ ಓದುಗ,
ಸಪ್ತಾಪುರ, ಧಾರವಾಡ