ಸ್ಪೆಷಲ್ ಎಡಿಷನ್ ಎಂದರೆ ಬರೀ ಸ್ಟಿಕ್ಕರ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಅಮೆರಿಕದ ಮಸಲ್ ಕಾರುಗಳ ಬಗ್ಗೆ ಬಂದ ಬರಹ ಓದಿದೆ. ನಾನು ದಾವಣಗೆರೆಯವನು. ಇಪ್ಪತ್ತಾರು ವರ್ಷದಿಂದ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿದ್ದೇನೆ. ಕಾರುಗಳ ಶಾಕ್ ಅಬ್ಸಾರ್ಬರ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಕಾಫಿ ಜೊತೆ ನಿಮ್ಮ ಇ-ಪೇಪರ್ ಓದುವ ರೂಢಿ ಇನ್ನೂ ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ನಿಮಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು.

ಹಳೆಯ ಕಾರಿನ ಹೆಸರನ್ನೂ ಬಣ್ಣದ ಪಟ್ಟಿಯನ್ನೂ ಹೊಸ ಕಾರಿಗೆ ಅಂಟಿಸಿ ಜಾಸ್ತಿ ದುಡ್ಡು ಕೀಳುವುದೇ ಸ್ಪೆಷಲ್ ಎಡಿಷನ್ ಎಂದು ನಿಮ್ಮ ಬರಹ ಹೇಳಿತು. ಅಂಥ ಕಾರುಗಳು ಇವೆ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಉದಾಹರಣೆ ಕೊಟ್ಟಿದ್ದು ಫೋರ್ಡ್ ಮಸ್ಟ್ಯಾಂಗ್ ಬಾಸ್ 302. 1969-70ರ ಹಳೆಯ ಕಾರಿನ ಹೆಸರಿನಲ್ಲೇ 2012-13ರಲ್ಲಿ ಮತ್ತೆ ಬಂದ ಕಾರು ಅದು. ಬೇರೆ ಯಾವ ಕಾರಾಗಿದ್ದರೂ ಸುಮ್ನಿರುತ್ತಿದ್ದೆನೇನೋ. ಈ ಕಾರನ್ನು ಸ್ಟಿಕ್ಕರ್ ಕಾರು ಅಂದರೆ ನನಗೆ ಸುಮ್ನಿರಲು ಆಗುವುದಿಲ್ಲ.

ಹಳೆಯ ಬಾಸ್ 302 ಯಾಕೆ ಹುಟ್ಟಿತು ಅನ್ನುವುದನ್ನು ನಿಮ್ಮ ಬರಹ ಹೇಳಲೇ ಇಲ್ಲ. ಅದೇ ಮುಖ್ಯವಾದ ಮಾತು. ಆಗ ಅಮೆರಿಕದಲ್ಲಿ ಟ್ರಾನ್ಸ್-ಆ್ಯಮ್ ಎಂಬ ರೇಸ್ ಸರಣಿ ಇತ್ತು. ಎಂಜಿನ್ ಐದು ಲೀಟರ್ ದಾಟಬಾರದು, ಅಂದರೆ 305 ಘನ ಇಂಚಿನ ಒಳಗಿರಬೇಕು ಎಂಬುದು ಅದರ ನಿಯಮ. ಇನ್ನೊಂದು ನಿಯಮವೂ ಇತ್ತು. ರೇಸಿಗೆ ತರುವ ಕಾರನ್ನು ಇಂತಿಷ್ಟು ಸಂಖ್ಯೆಯಲ್ಲಿ ಜನಕ್ಕೂ ಮಾರಬೇಕು. ಷೆವರ್ಲೆ ಕಂಪನಿ ಇದಕ್ಕೆಂದೇ ಒಂದು ಕಾರು ಮಾಡಿತು. 1967ರಲ್ಲಿ ಕ್ಯಾಮರೊ ಝಡ್/28 ತಂದಿತು. 1968, 1969 ಎರಡೂ ವರ್ಷ ರೇಸ್ ಚಾಲಕ ಮಾರ್ಕ್ ಡೊನೊಹ್ಯೂ ಅದರಲ್ಲೇ ಗೆದ್ದರು. ಅದನ್ನು ಸೋಲಿಸಲು ಫೋರ್ಡ್ ಮಾಡಿದ ಕಾರು ಬಾಸ್ 302. ಆಗಿನ್ನೂ ಬರಬೇಕಿದ್ದ 351 ಕ್ಲೀವ್‌ಲ್ಯಾಂಡ್ ಎಂಜಿನ್ನಿನ ದೊಡ್ಡ ವಾಲ್ವಿನ ಹೆಡ್ಡುಗಳನ್ನು ತಂದು 302 ಘನ ಇಂಚಿನ ಎಂಜಿನ್ ಬ್ಲಾಕಿನ ಮೇಲೆ ಕೂರಿಸಿದರು. ನಾಲ್ಕು ಗೇರಿನ ಮ್ಯಾನುವಲ್ ಬಿಟ್ಟರೆ ಬೇರೆ ಇರಲಿಲ್ಲ. 1969ರಲ್ಲಿ ಮಾಡಿದ್ದು ಬರೀ 1,628 ಕಾರು.

ಅದರ ರೂಪ ಮಾಡಿದವರು ಲ್ಯಾರಿ ಶಿನೋಡ. ಜಪಾನಿ ಮೂಲದ ಅಮೆರಿಕನ್. ಎರಡನೇ ಮಹಾಯುದ್ಧದ ಕಾಲದಲ್ಲಿ, ಹುಡುಗನಾಗಿದ್ದಾಗ, ಅಮೆರಿಕ ಸರ್ಕಾರ ಅವರ ಕುಟುಂಬವನ್ನು ಮಾಂಜನಾರ್ ಶಿಬಿರದಲ್ಲಿ ಕೂಡಿಹಾಕಿತ್ತು. ಜನರಲ್ ಮೋಟರ್ಸ್ ಬಿಟ್ಟು ಫೋರ್ಡ್ ಅಧ್ಯಕ್ಷರಾಗಿ ಬಂದ ನುಡ್ಸನ್ ಅವರ ಹಿಂದೆಯೇ ಶಿನೋಡ ಕೂಡ ಬಂದರು. ಬಾಸ್ ಎಂಬ ಹೆಸರು ಆ ನುಡ್ಸನ್ ಅವರನ್ನು ನೆನೆದು ಇಟ್ಟಿದ್ದು. ಆ ವರ್ಷದ ಮಸ್ಟ್ಯಾಂಗಿನ ಹಿಂಬದಿ ಪಕ್ಕದಲ್ಲಿ ಗಾಳಿಯೇ ಹೋಗದ, ಬರೀ ತೋರಿಕೆಯ ಕಿಂಡಿ ಇತ್ತು. ಶಿನೋಡ ಅದನ್ನು ತೆಗೆಸಿಬಿಟ್ಟರು. ಮುಂದೆ ಕೆಳಗೊಂದು ಸ್ಪಾಯ್ಲರ್ ಇಟ್ಟರು. ಕೆಲಸಕ್ಕೆ ಬಾರದ್ದನ್ನು ಕಿತ್ತು ಕೆಲಸಕ್ಕೆ ಬರುವುದನ್ನು ಹಾಕಿದರು. ನೀವು ಸ್ಟಿಕ್ಕರ್ ಎಂದು ಕರೆದ ಆ ಸಿ ಆಕಾರದ ಪಟ್ಟಿ ಇಂಥ ಕಾರಿನ ಮೇಲೆ ಬಂದದ್ದು.

1969ರ ಸೆಪ್ಟೆಂಬರಿನಲ್ಲಿ ನುಡ್ಸನ್ ಅವರನ್ನು ಹೆನ್ರಿ ಫೋರ್ಡ್ ಎರಡನೆಯವರು ಕೆಲಸದಿಂದ ತೆಗೆದರು. ಶಿನೋಡ ಕೆಲಸವೂ ಹೋಯಿತು. ಮರುವರ್ಷ ಪಾರ್ನೆಲಿ ಜೋನ್ಸ್, ಜಾರ್ಜ್ ಫಾಲ್ಮರ್ ಇಬ್ಬರೂ ಹಳದಿ ಬಾಸ್ 302 ಓಡಿಸಿ ಫೋರ್ಡ್‌ಗೆ ಟ್ರಾನ್ಸ್-ಆ್ಯಮ್ ಗೆದ್ದುಕೊಟ್ಟರು. ಆ ದಿನ ಅದನ್ನು ನೋಡಲು ನುಡ್ಸನ್ನೂ ಶಿನೋಡನೂ ಕಂಪನಿಯಲ್ಲಿ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಈ ಕಾರು ನನಗೆ ಪುಸ್ತಕದಿಂದ ಪರಿಚಯವಾದದ್ದಲ್ಲ. ಅದರಲ್ಲಿ ನಮ್ಮ ಅಪ್ಪನ ಪಾಲಿದೆ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. 2013ರ ಬೇಸಿಗೆಯಲ್ಲಿ ಇಲ್ಲಿಗೆ ಬಂದಿದ್ದರು. ಪ್ರತಿ ವರ್ಷ ಆಗಸ್ಟ್ ಮೂರನೇ ಶನಿವಾರ ಇಲ್ಲಿನ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. ಫರ್ನ್‌ಡೇಲ್ ಊರಿನ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಎತ್ತಲು 1995ರಲ್ಲಿ ಶುರುವಾದದ್ದು. ಈಗ ರಸ್ತೆಯ ಎರಡೂ ಕಡೆ ಜನ ಮಡಚುವ ಕುರ್ಚಿ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೂ ಕೂರುತ್ತಾರೆ. ನಾವೂ ಕೂತಿದ್ದೆವು. ಬುತ್ತಿಗೆ ಚಿತ್ರಾನ್ನ, ಮಜ್ಜಿಗೆ.

ಪಕ್ಕದಲ್ಲೇ ಕಿತ್ತಳೆ ಬಣ್ಣದ 1970ರ ಬಾಸ್ 302 ಬಂದು ನಿಂತಿತು. ಎಂಜಿನ್ ಇನ್ನೂ ಓಡುತ್ತಿತ್ತು. ಅಪ್ಪ ಕಿವಿ ಕೊಟ್ಟು ಕೇಳಿದರು. "ಏನಪಾ, ಇದರ ಟ್ಯಾಪೆಟ್ ಲೂಸ್ ಆಗೈತಲ್ಲ, ಅವರಿಗೆ ಹೇಳು" ಅಂದರು. ನಾನು ಹೇಳಿದೆ. ಆ ಕಾರಿನ ಯಜಮಾನರು ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಇಳಿದು ಬಂದು ಬಾನೆಟ್ ಎತ್ತಿದರು. ಈ ಎಂಜಿನ್ನಿಗೆ ವಾಲ್ವ್ ಎತ್ತುವ ಹೈಡ್ರಾಲಿಕ್ ಲಿಫ್ಟರ್ ಇಲ್ಲ, ಗಟ್ಟಿ ಲಿಫ್ಟರು, ಹಾಗಾಗಿ ಸರಿ ಇದ್ದರೂ ಟಿಕ್ ಟಿಕ್ ಸದ್ದು ಇದ್ದೇ ಇರುತ್ತದೆ, ಆಗಾಗ ಸಂದು ನೋಡಿ ಸೆಟ್ ಮಾಡಬೇಕು ಎಂದು ವಿವರಿಸಿದರು. ಡಿಕ್ಕಿಯಿಂದ ಸಂದು ಅಳೆಯುವ ಫೀಲರ್ ಗೇಜ್ ತಂದು ತೋರಿಸಿದರು. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒಂದೊಂದೇ ಎಲೆ ಬಿಡಿಸಿದರು. "ನಮ್ ಬಸ್ಸಿನ ಎಂಜಿನ್ನೂ ಹಿಂಗೇ" ಅಂದರು. ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆಮೇಲಿನ ಅರ್ಧ ಗಂಟೆ ನಾನು ಅನುವಾದ ಮಾಡುವ ಅಗತ್ಯವೇ ಬೀಳಲಿಲ್ಲ.

ಆ ಕಾರಿನ ಪಕ್ಕ ಅವರ ಮಗನ 2013ರ ಬಾಸ್ 302 ನಿಂತಿತ್ತು. ಶಾಲಾ ಬಸ್ಸಿನ ಹಳದಿ. ಪಾರ್ನೆಲಿ ಜೋನ್ಸ್ ಗೆದ್ದ ಕಾರಿನ ನೆನಪಿಗೆ ಆ ವರ್ಷ ಕೊಟ್ಟ ಬಣ್ಣ. ಅಪ್ಪ ಅದರ ಬಾನೆಟ್ ಒಳಗೂ ಇಣುಕಿದರು. ಮುಂದಿನ ಸ್ಟ್ರಟ್‌ನ, ಅಂದರೆ ಶಾಕ್ ಅಬ್ಸಾರ್ಬರ್ ಇರುವ ಕಂಬದ, ತಲೆಯ ಮೇಲೆ ಒಂದು ಸಣ್ಣ ಸ್ಕ್ರೂ ಇದೆ. ಒಂದರಿಂದ ಐದರವರೆಗೆ ಐದು ಹಂತ. ಸ್ಕ್ರೂಡ್ರೈವರ್‌ನಿಂದ ತಿರುಗಿಸಿದರೆ ಸಸ್ಪೆನ್ಷನ್ ಮೆತ್ತಗೆ ಅಥವಾ ಬಿಗಿ ಆಗುತ್ತದೆ. ಹಿಂದಿನದ್ದನ್ನು ಡಿಕ್ಕಿ ತೆಗೆದು ತಿರುಗಿಸಬೇಕು. ಎಲ್ಲವೂ ಬಟನ್ನಿಗೆ ಬಂದಿದ್ದ ಕಾಲದಲ್ಲಿ ಇದನ್ನು ಕೈಗೆ ಬಿಟ್ಟಿದ್ದರು. ಶಾಕ್ ಅಬ್ಸಾರ್ಬರ್ ನನ್ನ ಅನ್ನ. ಹಾಗಾಗಿ ಅಲ್ಲೇ ನನ್ನ ಮನಸ್ಸು ಸೋತಿತು. ಮೂರು ವರ್ಷ ದುಡ್ಡು ಕೂಡಿಟ್ಟು 2016ರಲ್ಲಿ ಒಂದು ಹಳೆಯ 2012ರ ಬಾಸ್ ಕೊಂಡೆ. ನೀಲಿ ಬಣ್ಣದ್ದು.

ಈಗ ಹೇಳಿ, ಇದು ಬರೀ ಪಟ್ಟಿ ಬಳಿದ ಕಾರಾ? 2012ರ ಮಾಮೂಲಿ ಮಸ್ಟ್ಯಾಂಗ್ ಜಿಟಿಯಲ್ಲಿ 412 ಅಶ್ವಶಕ್ತಿ. ಬಾಸ್‌ನಲ್ಲಿ 444. ಟರ್ಬೊ ಇಲ್ಲ, ಸೂಪರ್‌ಚಾರ್ಜರ್ ಇಲ್ಲ. ಫೋರ್ಜ್ ಮಾಡಿದ ಪಿಸ್ಟನ್, ಕನೆಕ್ಟಿಂಗ್ ರಾಡ್ ಹಾಕಿದರು. ಹೆಡ್ಡಿನ ಗಾಳಿದಾರಿಗಳನ್ನು ಯಂತ್ರದಲ್ಲಿ ಕೊರೆದು ಅಗಲ ಮಾಡಿದರು. ಗಾಳಿ ಎಳೆಯುವ ಕೊಳವೆಗಳನ್ನು ಗಿಡ್ಡ ಮಾಡಿದರು. ಎಂಜಿನ್ 7,500 ಆರ್‌ಪಿಎಂವರೆಗೆ ಓಡುತ್ತದೆ. ಹಳೆಯದರಂತೆ ಇದಕ್ಕೂ ಆಟೊಮ್ಯಾಟಿಕ್ ಗೇರ್ ಕೊಡಲಿಲ್ಲ. ಹಿಂಚಕ್ರದ ಮುಂದೆ ಪಕ್ಕಕ್ಕೆ ಬಾಯಿ ಬಿಡುವ ಇನ್ನೆರಡು ಸೈಲೆನ್ಸರ್ ಪೈಪ್ ಇವೆ. ಅವುಗಳ ಒಳಗೆ ಸದ್ದು ತಡೆಯುವ ತಟ್ಟೆಗಳಿವೆ. ಬೇಕಿದ್ದರೆ ಬೋಲ್ಟ್ ಬಿಚ್ಚಿ ತೆಗೆಯಬಹುದು. ಟ್ರ್ಯಾಕಿನಲ್ಲಿ ಸೋಲಿಸಬೇಕು ಎಂದು ಅವರು ಎದುರಿಗೆ ಇಟ್ಟುಕೊಂಡಿದ್ದು ಬಿಎಂಡಬ್ಲ್ಯು ಎಂ3 ಕಾರನ್ನು. ಹಳೆಯ ಬಾಸ್‌ಗೆ ಕ್ಯಾಮರೊ ಇದ್ದ ಹಾಗೆ. ಅಲ್ವಾ?

ನನ್ನ ಕಾರಿಗೆ ಎರಡು ಬೀಗದ ಕೈ. ಕಪ್ಪು ಕೈ ಹಾಕಿದರೆ ಮನೆ, ಆಫೀಸು. ಕೆಂಪು ಕೈ ಟ್ರ್ಯಾಕಿಗೆ. ಅದನ್ನು ಹಾಕಿದರೆ ಎಂಜಿನ್ನಿನ ಲೆಕ್ಕಾಚಾರವೇ ಬದಲಾಗಿ, ನಿಂತಲ್ಲೇ ಹಳೆಯ ರೇಸ್ ಕಾರಿನಂತೆ ಗುಡುಗುಡು ಎಂದು ಅಲುಗಾಡುತ್ತದೆ. ವರ್ಷಕ್ಕೆ ಎರಡು ಮೂರು ಸಲ ವಾಟರ್‌ಫರ್ಡ್ ಹಿಲ್ಸ್ ಟ್ರ್ಯಾಕಿಗೆ ಹೋಗುತ್ತೇನೆ. 1958ರಿಂದ ಇರುವ ಪುಟ್ಟ ಟ್ರ್ಯಾಕ್ ಅದು. ಬೆಳಿಗ್ಗೆ ಸ್ಕ್ರೂಗಳನ್ನು ಮೂರನೇ ಹಂತಕ್ಕೆ ಇಟ್ಟು ಎರಡು ಸುತ್ತು ಹೋಗಿ, ಬಂದು ಮುಂದಿನದ್ದನ್ನು ನಾಲ್ಕಕ್ಕೆ ತಿರುಗಿಸಿ ಮತ್ತೆ ಹೋಗಿ ನೋಡಿದರೆ ತಿರುವಿನಲ್ಲಿ ಮೂತಿ ಬೇರೆ ಥರ ನಡೆದುಕೊಳ್ಳುತ್ತದೆ. ಅದನ್ನು ಸ್ಟೀರಿಂಗಿನಲ್ಲೇ ತಿಳಿಯಬಹುದು. ನವೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ ಗಾಡಿ ಹೊರಗೆ ತೆಗೆಯುವುದಿಲ್ಲ. ಹಿಮ ಕರಗಲು ರಸ್ತೆಗೆ ಉಪ್ಪು ಹಾಕುತ್ತಾರೆ, ತಗಡು ತಿಂದುಬಿಡುತ್ತದೆ.

ಇನ್ನೊಂದು ಮಾತು ನಿಮ್ಮ ಬೆಂಗಳೂರಿನ ಓದುಗರಿಗೆ. ಈ ಬಾಸ್ ಎಂಜಿನ್ ಮಾಡುವಾಗ ಕಲಿತದ್ದನ್ನು ಫೋರ್ಡ್ 2015ರ ಮಸ್ಟ್ಯಾಂಗ್ ಜಿಟಿಯ ಐದು ಲೀಟರ್ ಎಂಜಿನ್ನಿಗೆ ತಂದಿತು. ಕಾರ್ಖಾನೆಯಿಂದಲೇ ಬಲಗಡೆ ಸ್ಟೀರಿಂಗ್ ಹಾಕಿಸಿಕೊಂಡು ಬಂದ ಮೊದಲ ಮಸ್ಟ್ಯಾಂಗ್ ಪೀಳಿಗೆ ಅದು. 2016ರಲ್ಲಿ ಭಾರತಕ್ಕೆ ಬಂತಲ್ಲ, ಅದೇ. ಎರಡೇ ವರ್ಷ ಮಾರಿದ ಸ್ಪೆಷಲ್ ಎಡಿಷನ್ ಒಂದರ ಪಾಠ ಹಾಗೆ ನಿಮ್ಮ ರಸ್ತೆಗೂ ಬಂದಿದೆ.

ನಿಮ್ಮ ಕೋಷ್ಟಕದ ಬಗ್ಗೆಯೂ ಹೇಳಬೇಕು. 1970ರ ಬಾಸ್‌ಗೆ 290, 2012ರದ್ದಕ್ಕೆ 444 ಎಂದು ಪಕ್ಕಪಕ್ಕ ಹಾಕಿ, ಹಳೆಯದಕ್ಕಿಂತ ಒಂದೂವರೆ ಪಟ್ಟು ಎಂದು ಬರೆದಿದ್ದೀರಿ. ಆ ಎರಡೂ ಅಂಕಿ ಸರಿ. ಹೋಲಿಕೆ ತಪ್ಪು. ಆಗ ಎಂಜಿನ್ನನ್ನು ಒಂಟಿಯಾಗಿ ಸ್ಟ್ಯಾಂಡಿನ ಮೇಲೆ ಇಟ್ಟು, ಏರ್ ಕ್ಲೀನರ್ ಇಲ್ಲದೆ, ಕಾರಿನ ಸೈಲೆನ್ಸರ್ ಇಲ್ಲದೆ ಅಳೆಯುತ್ತಿದ್ದರು. ಅದು ಗ್ರಾಸ್ ಲೆಕ್ಕ. 1972ರಿಂದ ಅಮೆರಿಕದ ಕಂಪನಿಗಳು ಇದನ್ನೆಲ್ಲ ಜೋಡಿಸಿ ಅಳೆದ ನೆಟ್ ಲೆಕ್ಕ ಕೊಡತೊಡಗಿದವು. ಬಂಡಿ ಬಿಚ್ಚಿ ಬರೀ ಎತ್ತು ಓಡಿಸುವುದಕ್ಕೂ ಬಂಡಿ ಹೂಡಿ ಓಡಿಸುವುದಕ್ಕೂ ಇರುವ ವ್ಯತ್ಯಾಸ ಇದು. ಇದರ ಜೊತೆಗೆ, ವಿಮೆ ಕಂಪನಿಗಳು ಪ್ರೀಮಿಯಂ ಏರಿಸುತ್ತವೆ ಎಂಬ ಭಯಕ್ಕೆ ಕೆಲವು ಎಂಜಿನ್‌ಗಳ ಶಕ್ತಿಯನ್ನು ಕಾಗದದಲ್ಲಿ ಕಡಿಮೆ ತೋರಿಸುವುದೂ ಇತ್ತು. ಬಾಸ್ 302ಕ್ಕೂ ಅದರ ವೈರಿ ಝಡ್/28ಕ್ಕೂ ಸರಿಯಾಗಿ 290 ಎಂದೇ ಬರೆದಿದ್ದರು. ಇದರಿಂದಲೇ ಆ ಅಂಕಿಯನ್ನು ಎಷ್ಟು ನಂಬಬೇಕು ಅನ್ನುವುದು ಗೊತ್ತಾಗುತ್ತದೆ.

ನಿಮ್ಮ ಬರಹದ ಕೋಪ ಎಲ್ಲಿಂದ ಬಂತು ಅನ್ನುವುದೂ ನನಗೆ ಅರ್ಥವಾಗುತ್ತದೆ. ಸಂಖ್ಯೆ ಕಡಿಮೆ ಎಂದ ಕೂಡಲೇ ಕೆಲವು ಡೀಲರುಗಳು ಕಂಪನಿ ಹೇಳಿದ ಬೆಲೆಯ ಮೇಲೆ ಸಾವಿರಾರು ಡಾಲರ್ ಏರಿಸಿಬಿಡುತ್ತಾರೆ. ಒಂದು ಕಡೆ ನನಗೂ ಹೀಗೆಯೇ ಆಯಿತು. ಫೋನಿನಲ್ಲಿ ಒಂದು ಬೆಲೆ, ಹೋಗಿ ಕೂತ ಮೇಲೆ ಇನ್ನೊಂದು. ಎದ್ದು ಬಂದೆ. ಕೊಂಡವರಲ್ಲೂ ಹಲವರು ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದೆ ಗ್ಯಾರೇಜಿನಲ್ಲಿ ಇಟ್ಟಿದ್ದಾರೆ, ಬೆಲೆ ಏರಲಿ ಎಂದು. ತಿರುವಿನಲ್ಲಿ ಓಡಲೆಂದು ಮಾಡಿದ ಗಾಡಿಗೆ ಅದು ದೊಡ್ಡ ಅನ್ಯಾಯ.

ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ತಳ್ಳಿಹಾಕಿದ 2023ರ ಡಾಜ್ ಚಾಲೆಂಜರ್ ಬ್ಲ್ಯಾಕ್ ಗೋಸ್ಟ್ ಬಗ್ಗೆ ಮಾತ್ರ, ಎಂಜಿನ್, ಸಸ್ಪೆನ್ಷನ್ ನಿಜವಾಗಿ ಬದಲಾಯಿತೇ ಎಂದು ನೋಡುವ ನನ್ನ ಅಳತೆಗೋಲು ಕೆಲಸ ಮಾಡುವುದಿಲ್ಲ. ನಿಜ, ಅದರ 807 ಅಶ್ವಶಕ್ತಿಯ ಎಂಜಿನ್ ಮೊದಲೇ ಇತ್ತು. ಮೊಸಳೆ ಚರ್ಮದಂತೆ ಕಾಣುವ ಆ ಚಾವಣಿ ಅಂಟಿಸಿದ್ದೇ. ಆದರೆ ಅದು ನೆನೆಯುವುದು ಒಂದೇ ಒಂದು ಕಾರನ್ನು. ಡೆಟ್ರಾಯಿಟ್‌ನ ಒಬ್ಬ ಟ್ರಾಫಿಕ್ ಪೊಲೀಸರು ಕೊಂಡ 1970ರ ಕಪ್ಪು ಚಾಲೆಂಜರ್, 426 ಹೆಮಿ ಎಂಜಿನ್ನಿನದ್ದು. ರಾತ್ರಿ ವುಡ್‌ವರ್ಡ್ ರಸ್ತೆಗೆ ಬಂದು, ಎದುರಿಗೆ ನಿಂತವರನ್ನು ಸೋಲಿಸಿ, ಯಾರೆಂದು ತಿಳಿಯುವ ಮೊದಲೇ ಮಾಯವಾಗುತ್ತಿತ್ತಂತೆ. ಅದಕ್ಕೇ ಕಪ್ಪು ಭೂತ ಎಂಬ ಹೆಸರು. ಪೊಲೀಸರೇ ರಸ್ತೆಯಲ್ಲಿ ರೇಸ್ ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಅವರು ಅದನ್ನು ಮಾರಲಿಲ್ಲ. ದಶಕಗಟ್ಟಲೆ ಮನೆಯ ಗ್ಯಾರೇಜಿನಲ್ಲಿ ಇಟ್ಟುಕೊಂಡು, ಕೊನೆಗೆ ಮಗನ ಕೈಗೆ ಕೊಟ್ಟು ಹೋದರು. 2020ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೆ ಅದು ಸೇರಿತು. ಒಬ್ಬ ಮನುಷ್ಯ ಕಾಪಾಡಿದ ಗಾಡಿಯ ನೆನಪಿಗೆ ಕಂಪನಿ 300 ಕಾರು ಮಾಡಿತು. ಅದರ ಚಾವಣಿ ಸ್ಟಿಕ್ಕರೇ ಆದರೂ ಅದನ್ನು ಸುಮ್ನೆ ಸ್ಟಿಕ್ಕರ್ ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗ ಇಂಥ ಕಾರುಗಳ ಬಗ್ಗೆ ಕನ್ನಡದಲ್ಲಿ ಓದಲು ಏನೂ ಸಿಗುತ್ತಿರಲಿಲ್ಲ. ಈಗ ನಿಮ್ಮ ಪುಟ ಓದುವ ಹುಡುಗ ಹುಡುಗಿಯರು ಇದ್ದಾರೆ. ದಯವಿಟ್ಟು ಮುಂದಿನ ವಾರ ಆ ಕೋಷ್ಟಕವನ್ನು ಮತ್ತೊಮ್ಮೆ ಹಾಕಿ. 290ರ ಪಕ್ಕ ಗ್ರಾಸ್, 444ರ ಪಕ್ಕ ನೆಟ್ ಎಂದು ಬರೆಯಿರಿ. ಜಾಗ ಇದ್ದರೆ ಶಿನೋಡ ಅವರ ಹೆಸರೂ ಇರಲಿ.

ಇತಿ,
ನಿಮ್ಮ ಹಳೆಯ ಓದುಗ
ಟ್ರಾಯ್, ಮಿಷಿಗನ್ (ಊರು ದಾವಣಗೆರೆ)