ವಸತಿ ಸಚಿವರಿಗೊಂದು ಬಹಿರಂಗ ಪತ್ರ: ಆದೇಶ ನಮ್ಮ ಹತ್ತಿರ, ದುಡ್ಡು ಬಿಲ್ಡರ್ ಹತ್ತಿರ

ಮಾನ್ಯ ವಸತಿ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಸ್ವಾಮಿ, ನಮಸ್ಕಾರ.

ನಮ್ಮ ಮನೆಯ ಬೀರುವಿನಲ್ಲಿ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಕೊಟ್ಟ ಒಂದು ಆದೇಶ ಇದೆ. ನಮ್ಮ ಯಜಮಾನರು ಅದನ್ನು ಲ್ಯಾಮಿನೇಷನ್ ಮಾಡಿಸಿದ್ದಾರೆ. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರುವ ಫೈಲಿನಲ್ಲೇ ಅದೂ ಇದೆ. ಫ್ಲ್ಯಾಟ್ ತಡವಾಗಿ ಕೊಟ್ಟಿದ್ದಕ್ಕೆ ಬಿಲ್ಡರ್ ನಮಗೆ ಬಡ್ಡಿ ಕಟ್ಟಿಕೊಡಬೇಕು ಅಂತ ಅದರಲ್ಲಿ ಬರೆದಿದೆ. ಓದೋಕೆ ಚೆನ್ನಾಗಿದೆ. ಆದೇಶ ಬಂದು ಮೂರು ವರ್ಷ ದಾಟಿತು, ಒಂದು ರೂಪಾಯಿಯೂ ಕೈಗೆ ಬಂದಿಲ್ಲ.

ನಾವು ಬುಕ್ ಮಾಡಿದ್ದು 2016ರಲ್ಲಿ. 2019ರ ಯುಗಾದಿ ಹೊಸ ಮನೆಯಲ್ಲೇ ಅಂದಿದ್ದರು. ಕೀಲಿ ಸಿಕ್ಕಿದ್ದು 2021ರ ಕೊನೆಗೆ. ಅಲ್ಲೀತನಕ ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಇಎಂಐ. ಬಿಲ್ಡರ್ ಹೆಸರು ಇಲ್ಲಿ ಬರೆಯುವುದಿಲ್ಲ. ಅವರೊಬ್ಬರನ್ನು ಬೈಯೋಕೆ ಈ ಪತ್ರ ಬೇಕಿರಲಿಲ್ಲ, ಅದನ್ನು ನಾವು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೇ ದಿನಾ ಮಾಡುತ್ತೇವೆ.

ಕಾಯ್ದೆ ಒಳ್ಳೆಯದೇ. 2016ರ ರೇರಾ ಕಾಯ್ದೆ ಬರುವ ಮೊದಲು ನಮ್ಮಂಥವರಿಗೆ ಗ್ರಾಹಕ ನ್ಯಾಯಾಲಯ ಬಿಟ್ಟರೆ ಹೆಚ್ಚಿನ ದಾರಿ ಇರಲಿಲ್ಲ. ಈಗ ಕರಾರು ಆಗುವ ಮುಂಚೆ ಬಿಲ್ಡರ್ 10%ಗಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. ನಾವು ಕೊಟ್ಟ ದುಡ್ಡಿನಲ್ಲಿ 70% ಬೇರೆ ಖಾತೆಯಲ್ಲಿಡಬೇಕು, ಅದೇ ಕಟ್ಟಡಕ್ಕೆ ಬಳಸಬೇಕು. ಕೀಲಿ ಕೊಟ್ಟು ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ, ಹೇಳಿದ 30 ದಿನದಲ್ಲಿ ಅವರೇ ಖರ್ಚು ಹಾಕಿ ಸರಿ ಮಾಡಿಕೊಡಬೇಕು. ಇದೆಲ್ಲ ಬರೆದಿಟ್ಟಿದೆ. ತಕರಾರು ಇರುವುದು ಆಮೇಲಿನದ್ದರಲ್ಲಿ.

ರೇರಾ ಆದೇಶ ಕೊಟ್ಟ ಮೇಲೂ ಬಿಲ್ಡರ್ ಕಟ್ಟದಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಿರುತ್ತದೆ. ಆದರೂ ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ನಾವು ಮತ್ತೆ ಅರ್ಜಿ ಹಾಕಬೇಕು. ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಆ ಹಣವನ್ನು ಭೂಕಂದಾಯದ ಬಾಕಿ ಥರ ವಸೂಲಿ ಮಾಡಬೇಕು. ಹಾಗಾಗಿ ರೇರಾದಿಂದ ಒಂದು ವಸೂಲಿ ಪತ್ರ ಜಿಲ್ಲಾಧಿಕಾರಿಗೆ ಹೋಗುತ್ತದೆ. ಅಲ್ಲಿಂದ ತಹಶೀಲ್ದಾರರಿಗೆ. ಅವರು ಬಿಲ್ಡರ್ ಆಸ್ತಿ ಎಲ್ಲಿದೆ ಅಂತ ಹುಡುಕಬೇಕು, ಜಪ್ತಿ ಮಾಡಬೇಕು, ಹರಾಜು ಹಾಕಬೇಕು. ಬರ ಬಂದರೂ ಅವರೇ, ನೆರೆ ಬಂದರೂ ಅವರೇ, ಚುನಾವಣೆ ಬಂದರೂ ಅವರೇ. ಅವರ ಟೇಬಲ್ಲಿನ ಮೇಲೆ ನಮ್ಮ ಬಡ್ಡಿ ಎಷ್ಟನೆಯದು ಹೇಳಿ?

ಒಂದು ತಾಲ್ಲೂಕು ಕಚೇರಿಗೆ ನಾನೇ ಏಳು ಸಲ ಹೋಗಿದ್ದೇನೆ. ಬಿಲ್ಡರ್ ಕಂಪನಿಯ ವಿಳಾಸ ಬೇರೆ ತಾಲ್ಲೂಕಿನದು ಅಂತ ಫೈಲು ಅಲ್ಲಿಗೆ ಹೋಯಿತು. ಆ ವಿಳಾಸದಲ್ಲಿ ಈಗ ಮೊಬೈಲ್ ಅಂಗಡಿ ಇದೆ ಅಂತ ವಾಪಸ್ ಬಂತು. ಪ್ರಾಜೆಕ್ಟಿಗೊಂದು ಕಂಪನಿ ಮಾಡಿಕೊಂಡಿರುತ್ತಾರೆ. ಫ್ಲ್ಯಾಟೆಲ್ಲ ಮಾರಿದ ಮೇಲೆ ಆ ಕಂಪನಿಯಲ್ಲಿ ಜಪ್ತಿ ಮಾಡೋಕೆ ಏನೂ ಉಳಿದಿರುವುದಿಲ್ಲ. ಅದೇ ಮಾಲೀಕರು ನಾಲ್ಕು ಕಿಲೋಮೀಟರ್ ಆಚೆ ಹೊಸ ಹೆಸರಿನಲ್ಲಿ ಬೋರ್ಡು ಹಾಕಿದ್ದಾರೆ. ಆ ಬೋರ್ಡಿನ ಮೇಲೂ ರೇರಾ ನೋಂದಣಿ ಸಂಖ್ಯೆ ಇದೆ, ದಪ್ಪ ಅಕ್ಷರದಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ರೇರಾ ನಿಮ್ಮ ಇಲಾಖೆಯ ಕೆಳಗಿದೆ. ತಹಶೀಲ್ದಾರರು ಕಂದಾಯ ಇಲಾಖೆಯವರು. ಈ ಎರಡರ ನಡುವೆ ರಾಜ್ಯದಲ್ಲಿ ನೂರಾರು ಕೋಟಿ ರೂಪಾಯಿ ವಸೂಲಿ ಆಗದೆ ಕೂತಿದೆ. ಪಕ್ಕದ ಮಹಾರಾಷ್ಟ್ರ ನೋಡಿ. ಅಲ್ಲಿನ ರೇರಾ 2023ರಲ್ಲಿ ನಿವೃತ್ತ ಅಪರ ಜಿಲ್ಲಾಧಿಕಾರಿಯೊಬ್ಬರನ್ನು ವಸೂಲಿ ಕೆಲಸಕ್ಕೆಂದೇ ಕೂರಿಸಿತು. ಜಿಲ್ಲಾಧಿಕಾರಿ ಕಚೇರಿಗಳ ಬೆನ್ನು ಹತ್ತುವುದೇ ಅವರ ಕೆಲಸ. ನಾನು ನಿಮ್ಮನ್ನು ಕೇಳುತ್ತಿರುವುದೂ ಇಷ್ಟೇ. ನಮ್ಮ ರೇರಾಗೂ ಜಪ್ತಿ, ಹರಾಜು ಮಾಡುವ ಅಧಿಕಾರ ಇರುವ ಸ್ವಂತ ವಸೂಲಿ ಅಧಿಕಾರಿಗಳನ್ನು ಕೊಡಿ. ಬೆಂಗಳೂರು ನಗರ ಮತ್ತು ಗ್ರಾಮಾಂತರದಿಂದಲೇ ಶುರು ಮಾಡಿ. ಯಾವ ಬಿಲ್ಡರ್ ಎಷ್ಟು ಬಾಕಿ ಉಳಿಸಿಕೊಂಡಿದ್ದಾನೆ ಅನ್ನುವ ಪಟ್ಟಿ ಪ್ರತಿ ತಿಂಗಳು ಎಲ್ಲರಿಗೂ ಕಾಣಲಿ. ಹಳೇ ಬಾಕಿ ತೀರಿಸದವನ ಹೊಸ ಪ್ರಾಜೆಕ್ಟಿಗೆ, ಅವನು ಯಾವ ಕಂಪನಿ ಹೆಸರಿನಲ್ಲಿ ಬಂದರೂ, ನೋಂದಣಿ ಸಿಗಬಾರದು.

ಇನ್ನು ಓಸಿ ವಿಷಯ, ಅಂದರೆ ಕಟ್ಟಡ ನಕ್ಷೆ ಪ್ರಕಾರ ಇದೆ, ವಾಸ ಮಾಡಬಹುದು ಅಂತ ಕೊಡುವ ಪ್ರಮಾಣಪತ್ರ. ನಮ್ಮ ಕಟ್ಟಡಕ್ಕೆ ಇವತ್ತಿಗೂ ಓಸಿ ಇಲ್ಲ. ಕೀಲಿ ಕೊಡುವಾಗ ‘ಮುಂದಿನ ತಿಂಗಳು ಬಂದ್ಬಿಡುತ್ತೆ ಮೇಡಂ’ ಅಂದಿದ್ದರು. ನಂಬಿ ಹಾಲುಕ್ಕಿಸಿದೆವು. ಸಾಲ ಕೊಟ್ಟ ಬ್ಯಾಂಕು ಕೇಳಲಿಲ್ಲ, ಕ್ರಯಪತ್ರ ಮಾಡಿಕೊಟ್ಟ ಕಚೇರಿಯೂ ಕೇಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ಮೀರತ್‌ನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿತು: ಓಸಿ ಬಂದ ಮೇಲೇ ಕೀಲಿ ಕೊಡುತ್ತೇನೆ ಅಂತ ಬಿಲ್ಡರ್ ಮುಚ್ಚಳಿಕೆ ಬರೆದುಕೊಡಬೇಕು. ಬ್ಯಾಂಕು ಓಸಿ ನೋಡಿಯೇ ಸಾಲ ಕೊಡಬೇಕು. ಕರೆಂಟ್, ನೀರು, ಒಳಚರಂಡಿ ಸಂಪರ್ಕ ಓಸಿ ಇದ್ದರೆ ಮಾತ್ರ. ತಪ್ಪು ಮಾಡಿದ ಅಧಿಕಾರಿಗಳ ಮೇಲೂ ಕ್ರಮ ಆಗಬೇಕು. ಇಷ್ಟರಲ್ಲಿ ಬೆಂಗಳೂರಿನಲ್ಲಿ ಮೊದಲು ಜಾರಿ ಆಗಿದ್ದು ಯಾವುದು ಗೊತ್ತಲ್ವಾ? ಕರೆಂಟ್! ಅಂದರೆ ದುಡ್ಡು ಕೊಟ್ಟು ಒಳಗೆ ಬಂದು ಕೂತವರಿಗೆ ಏಟು. ಕೀಲಿ ಕೊಟ್ಟವನು ಆರಾಮಾಗಿದ್ದಾನೆ. ಆ ತೀರ್ಪಿನ ಉಳಿದ ಮಾತುಗಳನ್ನೂ ಅಷ್ಟೇ ಚುರುಕಾಗಿ ಜಾರಿ ಮಾಡಿಸಿ.

ಆಮೇಲೆ 1,200 ಚದರ ಅಡಿವರೆಗಿನ ಸೈಟುಗಳ ಮನೆಗಳಿಗೆ ಸರ್ಕಾರ 2025ರಲ್ಲಿ ಓಸಿ ವಿನಾಯಿತಿ ಕೊಟ್ಟಿತು. ಥರ್ಟಿ ಫಾರ್ಟಿ ಸೈಟಿನಲ್ಲಿ ತನಗೆ ಅಂತ ಮನೆ ಕಟ್ಟಿಕೊಂಡವರಿಗೆ ಅದು ಸರಿ, ನನಗೂ ಖುಷಿ ಆಯಿತು. ಆದರೆ ಕಾಗದ ಬೇಡ ಅಂದ ಮಾತ್ರಕ್ಕೆ ಕಂಬ, ಕಬ್ಬಿಣ ಯಾರೂ ನೋಡುವುದು ಬೇಡ ಅಂತಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್ ಮಳೆಯಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟಡ ಬಿದ್ದು 9 ಕಾರ್ಮಿಕರು ಹೋದರು. ಅಲ್ಲಿ ಅನುಮತಿಗಿಂತ ಜಾಸ್ತಿ ಅಂತಸ್ತು ಎಬ್ಬಿಸಿದ್ದರು. ಅಂತಸ್ತು ಏಳುವುದು ರಾತ್ರೋರಾತ್ರಿ ಅಲ್ಲ. ಒಂದೊಂದು ಮೋಲ್ಡಿಗೂ ವಾರಗಟ್ಟಲೆ ಸೆಂಟ್ರಿಂಗ್ ನಿಂತಿರುತ್ತದೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ.

ಇನ್ನೊಂದು ಸಣ್ಣ ಕೆಲಸ ಇದೆ, ಇದಕ್ಕೆ ದುಡ್ಡೂ ಬೇಡ. 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಫ್ಲ್ಯಾಟ್ ಮೀರದ ಕಟ್ಟಡಕ್ಕೆ ರೇರಾ ನೋಂದಣಿ ಬೇಕಾಗಿಲ್ಲ. ನಮ್ಮ ಬಡಾವಣೆಯಲ್ಲಿ ಎಣಿಸಿ ಎಂಟೇ ಫ್ಲ್ಯಾಟಿನ ಕಟ್ಟಡಗಳು ಸಾಲಾಗಿ ನಿಂತಿವೆ. ಇದು ವಾಸ್ತು ಅಲ್ಲ ಸ್ವಾಮಿ. ಈ ಮಿತಿಯನ್ನು ಇಳಿಸುವ ಅಧಿಕಾರ ಕಾಯ್ದೆಯ 3ನೇ ಸೆಕ್ಷನ್‌ನಲ್ಲೇ ರಾಜ್ಯ ಸರ್ಕಾರಕ್ಕೆ ಇದೆ. ಬಳಸಿ.

ಬಿಗಿ ಮಾಡಿದರೆ ಮನೆ ಕಟ್ಟುವವರೇ ಕಡಿಮೆ ಆಗುತ್ತಾರೆ, ರೇಟು ಏರುತ್ತದೆ ಅಂತ ಬಿಲ್ಡರುಗಳು ನಿಮಗೆ ಹೇಳುತ್ತಾರೆ. ಅರ್ಧಕ್ಕೆ ನಿಂತ ಟವರನ್ನು ಲೆಕ್ಕಕ್ಕೆ ಹಿಡಿದು ‘ಇಷ್ಟು ಸಾವಿರ ಮನೆ’ ಅಂತ ತೋರಿಸುವುದಾದರೆ ಆ ಮಾತು ಸರಿ. ನಿಜವಾಗಿ ಕೊರತೆ ಇರುವುದು 45 ಲಕ್ಷದ ಕೆಳಗಿನ ಮನೆಗಳಿಗೆ. ಜಿಎಸ್‌ಟಿ ಲೆಕ್ಕದಲ್ಲಿ ಅಗ್ಗದ ಮನೆ ಅಂದರೆ ಅದೇ ಮಿತಿ. ಬೆಂಗಳೂರಿನಲ್ಲಿ ಆ ರೇಟಿಗೆ ಹುಡುಕಿ ನೋಡಿ, ನೆಲಮಂಗಲ ದಾಟಿರುತ್ತೀರಿ. ಆ ರೇಟಿಗೆ ಖಾಸಗಿಯವರು ಊರೊಳಗೆ ಕಟ್ಟುವುದಿಲ್ಲ. ಕಟ್ಟಬೇಕಾದ್ದು ನಿಮ್ಮ ಗೃಹ ಮಂಡಳಿ. ಬಸ್ಸು, ನೀರು ಇರುವ ಕಡೆ ಕಟ್ಟಲಿ. ಬಿಡಿಎ ಫ್ಲ್ಯಾಟುಗಳು ಊರಾಚೆ ವರ್ಷಗಟ್ಟಲೆ ಮಾರಾಟವಾಗದೆ ಕೂತಿದ್ದನ್ನು ನೋಡಿದ್ದೇವಲ್ಲ.

ನಮ್ಮ ಬಾತ್‌ರೂಮಿನ ಸೀಲಿಂಗ್ ಸೋರುತ್ತಿದೆ. ಬೇಸ್‌ಮೆಂಟಿನ ಬೀಮಿನಲ್ಲಿ ಬಿರುಕು ಬಿಟ್ಟಿದೆ. ಐದು ವರ್ಷದ ಗಡುವು 2026ರ ಕೊನೆಗೆ ಮುಗಿಯುತ್ತದೆ, ಅದು ಬಿಲ್ಡರಿಗೂ ಗೊತ್ತು. ಫೋನ್ ಮಾಡಿದರೆ ‘ನೋಡೋಣ ಮೇಡಂ’ ಅನ್ನುತ್ತಾರೆ. ಅದಕ್ಕೂ ರೇರಾಗೆ ಹೋಗಿ ಅಂತ ಅಸೋಸಿಯೇಷನ್ನಿನವರು ಹೇಳುತ್ತಿದ್ದಾರೆ. ಹೋಗುತ್ತೇನೆ. ಆದೇಶವೂ ಬರಬಹುದು. ಈ ಸಲ ಲ್ಯಾಮಿನೇಷನ್ ಮಾತ್ರ ಬೇಡ ಅಂತ ಯಜಮಾನರಿಗೆ ಹೇಳಿದ್ದೇನೆ.

ಇಂತಿ,
ಓಸಿ ಇಲ್ಲದ ಫ್ಲ್ಯಾಟಿನ ಒಬ್ಬ ಮಾಲೀಕಳು
ಬೆಂಗಳೂರು